ಪದತ್ಯಾಗವೂ ಪುನರಾಯ್ಕೆಯೂ

ಪ್ರಜೆಗಳಿಂದ ಆಯ್ಕೆಗೊಂಡು ಅಧಿಕಾರಸ್ಥಾನದಲ್ಲಿ ಕುಳಿತವನೊಬ್ಬನು ಅಪವಾದಕ್ಕೆ ಗುರಿಯಾಗಿ ಆ ಸ್ಥಾನವನ್ನು ತ್ಯಜಿಸಿ ಹೊರಬರುವನು. ಕೆಲವು ತಿಂಗಳುಗಳೋ ವರ್ಷಗಳೋ ಕಳೆಯುವಷ್ಟರಲ್ಲಿ ಚುನಾವಣೆಯ ಕಾಲ ಒದಗುವುದು. ಆಗ ಅವನು ಮತ್ತೆ ಪ್ರಜೆಗಳ ಮುಂದೆ ನಿಂತು ಮತವನ್ನು ಬೇಡಬಹುದೆ, ಬೇಡಬಾರದೆ? ಇದು ರಾಜಕಾರಣಿಗಳಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಬೇಡುವವನು ಒಬ್ಬನಾದರೆ ಕೊಡುವವರು ಲಕ್ಷಾಂತರ ಮಂದಿ. ಕೊಡುವವರಿಗೆ ತಾವು ಕೊಡುತ್ತಿರುವುದೇನೆಂಬ ಅರಿವು ಇರಬೇಕಾದುದರಿಂದ ಇದು ಪ್ರತಿಯೊಬ್ಬ ಮತದಾರನ ಪ್ರಶ್ನೆಯೂ ಆಗಿದೆ. ಅರಿವು ಆಚಾರಗಳು ಒಂದನ್ನು ಬಿಟ್ಟು ಒಂದು ನಿಲ್ಲಲಾರವೆಂದು ಬೋಧಿಸಿದ ಶರಣರ ಮಾರ್ಗದಲ್ಲಿ ನಡೆಯುವವರಂತೂ ಇದನ್ನು ಬದಿಗೊತ್ತುವಂತಿಲ್ಲ.

ಮೊದಲು ಶಾಸನದ ಮಾತನ್ನು ನೋಡಬಹುದು. ಭಾರತದ ಸಂವಿಧಾನದಲ್ಲಾಗಲಿ 1951ರ ಪ್ರಜಾಪ್ರತಿನಿಧಿತ್ವ ಅಧಿನಿಯಮದಲ್ಲಾಗಲಿ, ಅಪವಾದದ ನಡುವೆ ರಾಜೀನಾಮೆಯಿತ್ತವನು ಮರಳಿ ಸ್ಪರ್ಧಿಸಕೂಡದೆಂಬ ನಿಷೇಧವಿಲ್ಲ. ನ್ಯಾಯಾಲಯದಲ್ಲಿ ಅಪರಾಧವು ಸಿದ್ಧವಾಗಿ ಎರಡು ವರ್ಷಗಳಿಗೆ ಕಡಮೆಯಿಲ್ಲದ ಸೆರೆವಾಸವನ್ನು ಹೊಂದಿದವನು ಆ ದಿನದಿಂದಲೇ ಅನರ್ಹನಾಗುವನು. ಬಿಡುಗಡೆಯಾದ ಮೇಲೆಯೂ ಆರು ವರ್ಷಗಳವರೆಗೆ ಅವನ ಅನರ್ಹತೆ ಮುಂದುವರಿಯುವುದು. ಲಂಚದಂತಹ ಕೆಲವು ಅಪರಾಧಗಳಲ್ಲಿ ಜುಲ್ಮಾನೆ ಬಿದ್ದರೂ ಸಾಕು. ಮೇಲ್ಮನವಿ ಸಲ್ಲಿಸಿದ್ದೇವೆಂಬ ಕಾರಣದಿಂದ ಶಾಸಕರಿಗೂ ಸಂಸದರಿಗೂ ದೊರೆಯುತ್ತಿದ್ದ ರಿಯಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ ತಿಂಗಳಲ್ಲಿ ತೆಗೆದುಹಾಕಿತು. ಶಾಸನದ ವ್ಯಾಪ್ತಿ ಇಷ್ಟೆ. ಶಿಕ್ಷೆಯಾಗದವನ ವಿಷಯದಲ್ಲಿ ಅದು ಮೌನವಾಗಿದೆ, ಹಾಗಿರುವುದೇ ಯುಕ್ತವೂ ಹೌದು. ಬರಿಯ ಅಪವಾದದ ಮೇಲೆ ಒಬ್ಬನ ಹಕ್ಕನ್ನು ಕಸಿಯುವಂತಾದರೆ, ವಿರೋಧಿಗಳ ನಾಲಗೆಯೇ ಕಾನೂನಾಗುವುದು. ಆದರೆ ಶಾಸನವು ತಡೆಯದ ಕಾರ್ಯವೆಲ್ಲ ಸದಾಚಾರವೆನಿಸಿಕೊಳ್ಳುವುದಿಲ್ಲ. ಇಲ್ಲಿ ವಿಚಾರಿಸಬೇಕಾದುದು ಶಾಸನವು ಮೌನವಾಗಿರುವ ಆ ಎಡೆಯನ್ನೆ.

ಈ ಸಂದರ್ಭದಲ್ಲಿ ರಾಜೀನಾಮೆ ಎಂಬ ಪದದ ಚರಿತ್ರೆಯನ್ನು ತಿಳಿಯುವುದು ಉಪಯುಕ್ತ. ಇದು ಪಾರಸಿಯಿಂದ ಬಂದ ಶಬ್ದ. ರಾಜಿಯೆಂದರೆ ಒಪ್ಪಿಗೆ, ನಾಮೆಯೆಂದರೆ ಪತ್ರ. ಮಂತ್ರಿಗಳ ರಾಜೀನಾಮೆಗಳು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹುಕಾಲ ಮೊದಲೇ ಈ ಪದವು ಕಂದಾಯದ ಕಡತಗಳಲ್ಲಿ ನೆಲೆಯೂರಿತ್ತು. ಜಮೀನನ್ನು ಬಿಟ್ಟುಕೊಡುವ ರೈತನು ರಾಜೀನಾಮೆಯನ್ನೂ, ಅದನ್ನು ವಹಿಸಿಕೊಳ್ಳುವವನು ಕಬೂಲಾಯತನ್ನೂ ಬರೆದುಕೊಡುವುದು ರೂಢಿಯಾಗಿತ್ತು. ಹಳೆಯ ಶಾನುಭೋಗರ ದಫ್ತರಗಳನ್ನು ಬಿಚ್ಚಿ ನೋಡಿದವರಿಗೆ ಈ ಜೋಡಿಪದಗಳು ಪರಿಚಿತವೇ. ಆದರೆ ಹಕ್ಕನ್ನು ಬಿಟ್ಟೆನೆಂದು ಬರೆದ ಮಾತ್ರದಿಂದ ಅದುವರೆಗಿನ ಕಂದಾಯದ ಬಾಕಿ ಸಂದಿತೆಂದು ಯಾವ ಶಾನುಭೋಗನೂ ಜಮೆ ಕಟ್ಟಿಕೊಳ್ಳಲಾರನು. ಬಿಡುವುದು ಬೇರೆ, ತೀರಿಸುವುದು ಬೇರೆ. ಪದವಿಯ ವಿಷಯದಲ್ಲಿ ಈ ಭೇದವು ಎಷ್ಟೋ ವೇಳೆ ಮರೆತುಹೋಗುವುದು. ರಾಜೀನಾಮೆಯಿತ್ತವನನ್ನು ತ್ಯಾಗಿಯೆಂದು ಹೂಮಾಲೆ ಹಾಕಿ ಮೆರೆಸುವವರು, ಬಾಕಿಯ ಪಟ್ಟಿಯನ್ನು ನೋಡದೆಯೇ ರಸೀತಿ ಬರೆದುಕೊಡುವವರು. ತನ್ನದಾದುದನ್ನು ಬಿಟ್ಟರೆ ತ್ಯಾಗ. ತನಗೆ ಒಪ್ಪಿಸಿದ್ದನ್ನು ಹಿಂದಕ್ಕೆ ಕೊಟ್ಟರೆ ಅದು ಒಪ್ಪಿಸುವಿಕೆ ಮಾತ್ರ. ಅಧಿಕಾರವಾದರೋ ಒಪ್ಪಿಸಿದ ಒಡವೆ.

ಎಲ್ಲ ರಾಜೀನಾಮೆಗಳೂ ಒಂದೇ ಜಾತಿಯವಲ್ಲ. ಕರ್ನಾಟಕದ ಇತಿಹಾಸದಲ್ಲಿಯೇ ಒಬ್ಬ ಮುಖ್ಯಮಂತ್ರಿಯ ಮೂರು ರಾಜೀನಾಮೆಗಳು ಮೂರು ಬಗೆಯವಾಗಿ ದೊರೆಯುವುದರಿಂದ ದೂರ ಹೋಗಬೇಕಾಗಿಲ್ಲ. ಶ್ರೀ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಗಳಾದರು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಅವರ ಜನತಾಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ದೊರೆತವು ನಾಲ್ಕೇ. ಜನರ ವಿಶ್ವಾಸ ತಮ್ಮ ಸರ್ಕಾರದ ಮೇಲೆ ಉಳಿದಿದೆಯೋ ಇಲ್ಲವೋ ಎಂಬ ಸಂಶಯ ಹುಟ್ಟಿದುದರಿಂದ ಅವರು ರಾಜೀನಾಮೆಯಿತ್ತು ಹೊಸ ಚುನಾವಣೆಯನ್ನು ಬಯಸಿದರು. 1985ರ ಮಾರ್ಚಿಯಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 139ನ್ನು ಗೆದ್ದು ಮರಳಿ ಬಂದರು. ಇಲ್ಲಿ ಅಪವಾದವೇನೂ ಇರಲಿಲ್ಲ. ಕೇಳಿದ ಪ್ರಶ್ನೆ ಜನರು ಉತ್ತರಿಸಬಲ್ಲ ಪ್ರಶ್ನೆಯಾಗಿತ್ತು, ಜನರು ಉತ್ತರಿಸಿದರು. ಪುನರಾಯ್ಕೆಯನ್ನು ಬೇಡುವ ಅತ್ಯಂತ ಶುದ್ಧವಾದ ರೀತಿ ಇದೆಂದೇ ಹೇಳಬೇಕು.

ಎರಡನೆಯದು 1986ರ ಫೆಬ್ರವರಿಯದು. ಸಾರಾಯಿಯನ್ನು ಸೀಸೆಗಳಲ್ಲಿ ತುಂಬುವ ಗುತ್ತಿಗೆಯ ವಿಷಯದಲ್ಲಿ ಸರ್ಕಾರವು ನಡೆದುಕೊಂಡ ರೀತಿಯನ್ನು ಉಚ್ಚ ನ್ಯಾಯಾಲಯವು ಆಕ್ಷೇಪಿಸಿತು. ಹೆಗಡೆಯವರು ರಾಜೀನಾಮೆಯಿತ್ತರು, ಮೂರು ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದರು. ಮೂರನೆಯದು 1988ರ ಆಗಸ್ಟಿನದು. ರಾಜಕಾರಣಿಗಳು ಮೊದಲಾದವರ ದೂರವಾಣಿ ಸಂಭಾಷಣೆಗಳನ್ನು ರಾಜ್ಯದ ಪೊಲೀಸರು ಕದ್ದಾಲಿಸಿದರೆಂಬ ಅಪವಾದವು ಎದ್ದು, ಅವರು ಪದವಿಯನ್ನು ಬಿಟ್ಟರು. ಈ ಸಲ ಹಿಂದಿರುಗಲಿಲ್ಲ. 1989ರ ಕೊನೆಯಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು, 1990ರಲ್ಲಿ ಅದನ್ನೂ ಬಿಟ್ಟರು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಈ ಸೋಲಿನಿಂದ ಕದ್ದಾಲಿಕೆಯ ಅಪವಾದವು ಸತ್ಯವೆಂದು ಸಿದ್ಧವಾಯಿತೆ? ಗೆದ್ದಿದ್ದರೆ ಅದು ಸುಳ್ಳೆಂದು ಸಿದ್ಧವಾಗುತ್ತಿತ್ತೆ? ಎರಡೂ ಅಲ್ಲ. ಬಾಗಲಕೋಟೆಯ ಒಕ್ಕಲಿಗನು ಮಳೆ ಬೆಳೆ ನೀರು ರಸ್ತೆಗಳನ್ನು, ಪಕ್ಷವನ್ನು, ಎದುರಾಳಿಯನ್ನು ನೋಡಿ ಮತ ಹಾಕಿದನೇ ಹೊರತು, ಬೆಂಗಳೂರಿನ ದೂರವಾಣಿಯ ವಿಚಾರವನ್ನು ಇತ್ಯರ್ಥಪಡಿಸಲು ಮತಗಟ್ಟೆಗೆ ಹೋಗಲಿಲ್ಲ. ಹೋಗಿದ್ದರೂ ಅವನ ಕೈಯಲ್ಲಿ ಯಾವ ಸಾಕ್ಷ್ಯವಿತ್ತು? 1985ರಲ್ಲಿ ಮತವು ಉತ್ತರಿಸಬಲ್ಲ ಪ್ರಶ್ನೆಯೊಂದು ಇತ್ತು. 1988ರ ಪ್ರಶ್ನೆಗೆ ಉತ್ತರವು ಮತಪೆಟ್ಟಿಗೆಯೊಳಗೆ ಇರಲೇ ಇಲ್ಲ.

ಮತಕ್ಕೆ ಇರುವ ಶಕ್ತಿಯೆಂತಹುದು? ಕನ್ನಡದ ಆಯ್ಕೆ ಎಂಬ ಪದವೇ ಇದನ್ನು ಹೇಳುತ್ತದೆ. ಆಯ್ ಎಂಬ ಧಾತುವಿಗೆ ಹೆಕ್ಕು, ಹೆಕ್ಕಿ ಬೇರ್ಪಡಿಸು ಎಂದು ಅರ್ಥ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕವನ್ನು ಕೈಕೊಂಡ ಮಾರಯ್ಯನವರ ಹೆಸರಿನಲ್ಲಿ ಇರುವುದೂ ಇದೇ ಧಾತು. ಮೊರದಲ್ಲಿ ಅಕ್ಕಿಯನ್ನು ಹರಡಿಕೊಂಡು ಕಲ್ಲನ್ನೂ ನೆಲ್ಲನ್ನೂ ತೆಗೆಯುವ ಗೃಹಿಣಿಯು ಕಣ್ಣಿಗೆ ಕಂಡುದನ್ನು ಮಾತ್ರ ತೆಗೆಯಬಲ್ಲಳು. ಮೊರದ ಒಂದು ಪಾಲಿಗೆ ಬಟ್ಟೆಯನ್ನು ಮುಚ್ಚಿ ಆಯ್ದುಕೊಡೆಂದರೆ ಅವಳ ಜಾಣ್ಮೆ ಏನು ಮಾಡೀತು? ಮತದಾರನ ಸ್ಥಿತಿಯೂ ಹೀಗೆಯೇ. ಇಬ್ಬರು ಮೂವರು ಅಭ್ಯರ್ಥಿಗಳಲ್ಲಿ ಯಾರು ತನ್ನ ಪರವಾಗಿ ಮಾತನಾಡಲಿ ಎಂಬುದನ್ನು ಅವನು ಆಯಬಲ್ಲನು. ಆದರೆ ಸಾಕ್ಷಿಯನ್ನು ಕರೆದು ಪ್ರಮಾಣಮಾಡಿಸಿ, ಲೆಕ್ಕದ ಪುಸ್ತಕವನ್ನು ತರಿಸಿ, ಪಾಟೀಸವಾಲು ನಡೆಸಿ ಸತ್ಯಾಸತ್ಯಗಳನ್ನು ನಿರ್ಣಯಿಸಲು ಅವನಿಗೆ ಸಾಧನವಿಲ್ಲ. ಹೀಗಿರುವಲ್ಲಿ, ಜನರು ಮತವಿತ್ತರು, ಆದಕಾರಣ ನಿರ್ದೋಷಿಯಾದೆನು ಎಂದು ಹೇಳಿಕೊಳ್ಳುವವನು, ಜನರು ಕೊಡದೆ ಇರುವುದನ್ನು ಕೊಟ್ಟರೆಂದು ಹೇಳಿದಂತಾಯಿತು. ಮೊದಲನೆಯ ಅಪವಾದವು ಸುಳ್ಳೇ ಆಗಿದ್ದರೂ ಈ ಎರಡನೆಯ ಮಾತು ಸುಳ್ಳೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪ್ರಜಾಪ್ರಭುತ್ವದಲ್ಲಿ ಪ್ರಜೆಗಳೇ ಪ್ರಭುಗಳಲ್ಲವೆ? ಪ್ರಭುವು ಕ್ಷಮಿಸಿದ ಮೇಲೆ ಕೇಳುವವರು ಯಾರು? ಎಂದು. ಸಮಾಧಾನವಿಷ್ಟು: ಕ್ಷಮಿಸುವುದಕ್ಕೂ ಮೊದಲು ತಪ್ಪಾಯಿತೆಂದು ಒಬ್ಬನು ಒಪ್ಪಿಕೊಂಡಿರಬೇಕು. ತಪ್ಪನ್ನೇ ಮಾಡಿಲ್ಲವೆನ್ನುವವನಿಗೆ ಕ್ಷಮೆಯಲ್ಲಿ ಏನು ಕೆಲಸ? ಅಪವಾದಕ್ಕೊಳಗಾದ ಅಭ್ಯರ್ಥಿಯು ಸಾಮಾನ್ಯವಾಗಿ ಒಂದೇ ಭಾಷಣದಲ್ಲಿ ಎರಡನ್ನೂ ಬೇಡುವನು. ತಾನು ನಿರಪರಾಧಿಯೆಂದೂ ಹೇಳುವನು, ತನ್ನನ್ನು ಮನ್ನಿಸಬೇಕೆಂದೂ ಕೈಮುಗಿಯುವನು. ಎರಡರಲ್ಲಿ ಯಾವುದನ್ನು ಬೇಡುತ್ತಿರುವೆಯೆಂದು ಕೇಳುವ ಧೈರ್ಯ ಸಭೆಯಲ್ಲಿ ಒಬ್ಬನಿಗಾದರೂ ಇದ್ದರೆ ಒಳ್ಳೆಯದು.

ಈ ವಿಷಯದಲ್ಲಿ ಸ್ವತಂತ್ರಭಾರತದ ಮೊದಲ ವರ್ಷಗಳ ಒಂದು ಚರಿತ್ರೆ ಮನನಯೋಗ್ಯವಾಗಿದೆ. 1951ರಲ್ಲಿ ತಾತ್ಕಾಲಿಕ ಸಂಸತ್ತಿನ ಸದಸ್ಯರಾದ ಎಚ್. ಜಿ. ಮುದ್ಗಲ್ ಎಂಬವರು ಮುಂಬಯಿಯ ಚಿನಿವಾರ ಸಂಘವೊಂದರಿಂದ ಹಣ ಪಡೆದು ಅದರ ಪರವಾಗಿ ಸಭೆಯಲ್ಲಿ ಪ್ರಶ್ನೆಗಳನ್ನು ಕೇಳಿದರೆಂಬ ಆರೋಪ ಬಂದಿತು. ವಿಚಾರಣೆಗೆ ಸಭೆಯು ಒಂದು ಸಮಿತಿಯನ್ನು ನೇಮಿಸಿತು. ಸಮಿತಿಯು ಅವರ ನಡತೆ ಸಭೆಯ ಗೌರವಕ್ಕೆ ಕುಂದೆಂದು ವರದಿ ಮಾಡಿತು. ಉಚ್ಚಾಟನೆಯ ನಿರ್ಣಯವನ್ನು ಪ್ರಧಾನಿ ನೆಹರೂರವರೇ ಮಂಡಿಸಿದರು. ಮತಕ್ಕೆ ಹಾಕುವ ಮೊದಲೇ ಮುದ್ಗಲರು ರಾಜೀನಾಮೆಯಿತ್ತರು. ಸಭೆಯು ಅಷ್ಟಕ್ಕೆ ಬಿಡಲಿಲ್ಲ. ಈ ಸದಸ್ಯರು ಉಚ್ಚಾಟನೆಗೆ ಅರ್ಹರಾಗಿದ್ದರೆಂದೂ, ರಾಜೀನಾಮೆಯ ಪತ್ರದಲ್ಲಿ ಅವರು ಬಳಸಿದ ಮಾತುಗಳು ಅಪರಾಧವನ್ನು ಹೆಚ್ಚಿಸಿವೆಯೆಂದೂ ನಿರ್ಣಯವನ್ನು ತಿದ್ದಿ ಅಂಗೀಕರಿಸಿತು. ರಾಜೀನಾಮೆಯು ವಿಚಾರಣೆಯಿಂದ ತಪ್ಪಿಸಿಕೊಳ್ಳುವ ಹಿಂಬಾಗಿಲಾಗಬಾರದೆಂಬ ತತ್ತ್ವವು ಅಂದೇ ಸ್ಥಾಪಿತವಾಯಿತು.

ಆ ಸಮಿತಿಯ ಅಧ್ಯಕ್ಷರಾಗಿದ್ದವರು ಶ್ರೀ ಟಿ. ಟಿ. ಕೃಷ್ಣಮಾಚಾರಿಯವರು. ಆರು ವರ್ಷಗಳ ತರುವಾಯ ವಿಧಿಯು ಅವರನ್ನೇ ಪೀಠದಿಂದ ಇಳಿಸಿ ಕಟಕಟೆಯ ಸಮೀಪಕ್ಕೆ ತಂದಿತು. 1957ರಲ್ಲಿ ಅವರು ಕೇಂದ್ರದ ಹಣಕಾಸಿನ ಮಂತ್ರಿಗಳು. ಹಿಂದಿನ ವರ್ಷವಷ್ಟೆ ರಾಷ್ಟ್ರೀಕರಣಗೊಂಡು ಹುಟ್ಟಿದ ಜೀವವಿಮಾ ನಿಗಮವು ಹರಿದಾಸ ಮುಂಧ್ರಾ ಎಂಬ ವರ್ತಕನಿಗೆ ಸೇರಿದ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು 1 ಕೋಟಿ 24 ಲಕ್ಷ ರೂಪಾಯಿಗಳನ್ನು ಹೂಡಿತ್ತು. ಅದು ಬಡವರೂ ಮಧ್ಯಮವರ್ಗದವರೂ ತಿಂಗಳು ತಿಂಗಳು ಉಳಿಸಿ ಕಟ್ಟಿದ ಕಂತಿನ ಹಣ. 1957ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಇದನ್ನು ಎತ್ತಿದವರು ವಿರೋಧಪಕ್ಷದವರಲ್ಲ. ಆಳುವ ಪಕ್ಷದ ಸದಸ್ಯರೂ ಪ್ರಧಾನಿಯ ಅಳಿಯಂದಿರೂ ಆಗಿದ್ದ ಫಿರೋಜ್ ಗಾಂಧಿಯವರು. ಸ್ವಪಕ್ಷ ಸ್ವಜನಗಳೆಂಬ ಭೇದವನ್ನು ಬದಿಗಿಟ್ಟು ಲೆಕ್ಕವನ್ನು ಕೇಳುವುದೇ ಗಣಾಚಾರವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಆ ಕಾಲದಲ್ಲಿ ದೊರೆಯದು.

ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾರವರನ್ನು ವಿಚಾರಣೆಗೆ ನೇಮಿಸಲಾಯಿತು. ಅವರು ಮುಂಬಯಿಯಲ್ಲಿ ಬಹಿರಂಗವಾಗಿ, ಜನರು ಕಿಕ್ಕಿರಿದು ಕೇಳುತ್ತಿರುವಂತೆ ವಿಚಾರಣೆ ನಡೆಸಿ, ಒಂದು ತಿಂಗಳೊಳಗಾಗಿ ವರದಿಯನ್ನು ಒಪ್ಪಿಸಿದರು. ಇಂದಿನ ಆಯೋಗಗಳು ವರ್ಷಗಟ್ಟಲೆ ಅವಧಿ ವಿಸ್ತರಣೆಯನ್ನು ಕೇಳುವುದನ್ನು ಕಂಡವರಿಗೆ ಇದು ಪುರಾಣಕಥೆಯಂತೆ ತೋರಬಹುದು. ಕಾರ್ಯದರ್ಶಿಯ ಕೃತ್ಯಕ್ಕೆ ಸಾಂವಿಧಾನಿಕವಾಗಿ ಮಂತ್ರಿಯೇ ಹೊಣೆಯೆಂಬುದು ಛಾಗ್ಲಾರವರ ನಿರ್ಣಯದ ಸಾರ. 1958ರ ಫೆಬ್ರವರಿಯಲ್ಲಿ ಕೃಷ್ಣಮಾಚಾರಿಯವರು ಮಂತ್ರಿಪದವಿಯನ್ನು ಬಿಟ್ಟರು. 1962ರ ಮಹಾಚುನಾವಣೆಯಲ್ಲಿ ಅವರು ಮತ್ತೆ ಸ್ಪರ್ಧಿಸಿದರು. ಇದರಲ್ಲಿ ದೋಷವನ್ನು ಕಾಣುವುದು ಕಷ್ಟ. ವಿಚಾರಣೆ ನಡೆದಿತ್ತು, ಹೊಣೆಯೆಷ್ಟೆಂಬುದು ಅಳೆಯಲ್ಪಟ್ಟಿತ್ತು, ಪದವಿಯೂ ಹೋಗಿತ್ತು. ಮತದಾರನ ಮೊರದ ಮೇಲೆ ಬಟ್ಟೆಯಿರಲಿಲ್ಲ. ಆದರೆ ಆಯುವುದಕ್ಕೆ ಅವಕಾಶವೇ ಬರಲಿಲ್ಲವೆಂಬುದು ವಿಚಿತ್ರ. ತಮಿಳುನಾಡಿನ ತಿರುಚೆಂದೂರು ಕ್ಷೇತ್ರದಲ್ಲಿ ಅವರಿಗೆ ಎದುರಾಳಿಯೇ ಇರಲಿಲ್ಲ, ಅವಿರೋಧವಾಗಿ ಆಯ್ಕೆಯಾದರು. ಅದೇ ವರ್ಷ ಮಂತ್ರಿಗಳಾಗಿ, 1963ರಲ್ಲಿ ಹಣಕಾಸಿನ ಖಾತೆಗೇ ಮರಳಿದರು. ಯಾವ ಖಾತೆಯಲ್ಲಿ ಹೊಣೆಯು ತಪ್ಪಿತ್ತೋ ಅದೇ ಖಾತೆಗೆ ಮರಳಿದುದು ಯುಕ್ತವೆ ಎಂಬುದು ಬೇರೆಯ ಪ್ರಶ್ನೆ. ಅದನ್ನು ಮುಂದೆ ಎತ್ತಿಕೊಳ್ಳಲಾಗುವುದು.

ಕೃಷ್ಣಮಾಚಾರಿಯವರ ತಪ್ಪು, ತಪ್ಪೆನ್ನುವುದಾದರೆ, ಕೈಕೆಳಗಿನವರ ಕಾರ್ಯಕ್ಕೆ ಹೊಣೆಯಾದುದು. ಸ್ವತಃ ತಾನೇ ಅಸತ್ಯವನ್ನು ನುಡಿದವನ ವಿಷಯವೇನು? ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ತಿಳಿದುದೇ. ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಅದನ್ನು ದಾನಮಾಡಿರೆಂದು ಹೇಳಲಿಲ್ಲ, ದೇವರಿಗೆ ಅರ್ಪಿಸಿರೆಂದೂ ಹೇಳಲಿಲ್ಲ. ಎಲ್ಲಿಂದ ತಂದಿರೋ ಆ ಎಡೆಗೇ ಹಿಂದಿರುಗಿಸಿರೆಂದರು. ಈ ಕಥೆಯನ್ನು ಆಸೆಯ ಖಂಡನೆಗಾಗಿ ಹೇಳುವುದು ವಾಡಿಕೆ. ಆದರೆ ಇದರಲ್ಲಿ ಪ್ರಾಯಶ್ಚಿತ್ತದ ಒಂದು ನ್ಯಾಯವೂ ಅಡಗಿದೆ. ತಪ್ಪು ಎಲ್ಲಿ ನಡೆಯಿತೋ ಅಲ್ಲಿಯೇ ಅದನ್ನು ಸರಿಪಡಿಸಬೇಕು. ಸರ್ಕಾರದ ಹಣದಲ್ಲಿ ಆದ ಕೊರತೆಯನ್ನು ಜಾತ್ರೆಯಲ್ಲಿ ಅನ್ನಸಂತರ್ಪಣೆ ಮಾಡಿಸಿ ತುಂಬುವಂತಿಲ್ಲ. ಶಾಸನಸಭೆಯಲ್ಲಿ ಆಡಿದ ಸುಳ್ಳನ್ನು ಊರೂರಿನ ಮೆರವಣಿಗೆಯಲ್ಲಿ ತೊಳೆಯುವಂತಿಲ್ಲ.

ಸಂಸದೀಯ ಪದ್ಧತಿಯು ಭಾರತಕ್ಕೆ ಬಂದುದು ಇಂಗ್ಲೆಂಡಿನಿಂದ. ಸಭೆಯಲ್ಲಿ ಆಡಿದ ಸುಳ್ಳಿಗೆ ಪ್ರಸಿದ್ಧ ನಿದರ್ಶನವೂ ಅಲ್ಲಿಯದೇ. 1963ರ ಮಾರ್ಚಿಯಲ್ಲಿ ಆ ದೇಶದ ಯುದ್ಧಖಾತೆಯ ಮಂತ್ರಿ ಜಾನ್ ಪ್ರೊಫ್ಯೂಮೊ ಎಂಬವರು, ತರುಣಿಯೊಬ್ಬಳೊಡನೆ ತಮಗೆ ಅನುಚಿತವಾದ ಸಂಬಂಧವೇನೂ ಇರಲಿಲ್ಲವೆಂದು ಸಭೆಗೆ ಹೇಳಿಕೆಯಿತ್ತರು. ಜೂನ್ ತಿಂಗಳಲ್ಲಿ ಆ ಹೇಳಿಕೆ ಸುಳ್ಳೆಂದು ಒಪ್ಪಿಕೊಂಡು ಮಂತ್ರಿಪದವಿಯನ್ನೂ ಸಭೆಯ ಸದಸ್ಯತ್ವವನ್ನೂ ಬಿಟ್ಟರು. ಮುಂದೆ ಅವರು ಯಾವ ಚುನಾವಣೆಗೂ ನಿಲ್ಲಲಿಲ್ಲ. ಲಂಡನ್ನಿನ ಬಡವರು ವಾಸಿಸುವ ಪೂರ್ವಭಾಗದಲ್ಲಿ ಟಾಯ್ನ್‌ಬಿ ಹಾಲ್ ಎಂಬ ಸೇವಾಸಂಸ್ಥೆಯನ್ನು ಸೇರಿ, ಕೆಳಮಟ್ಟದ ಕೆಲಸಗಳಿಂದ ಆರಂಭಿಸಿ, ಹಲವು ದಶಕಗಳ ಕಾಲ ದುಡಿದರು. 1975ರಲ್ಲಿ ರಾಣಿಯ ಸರ್ಕಾರವು ಆ ಸೇವೆಗಾಗಿ ಬಿರುದನ್ನಿತ್ತು ಗೌರವಿಸಿತು. 2006ರಲ್ಲಿ ಅವರು ತೀರಿಕೊಂಡರು. ಪದವಿಯಿಲ್ಲದೆಯೂ ಕಾಯಕವುಂಟೆಂಬುದನ್ನು ಶರಣರ ಹೆಸರನ್ನೇ ಕೇಳದ ಆ ಮನುಷ್ಯನು ನಡೆದು ತೋರಿಸಿದುದು ಸಂತೋಷದ ವಿಷಯ. ಜನಸೇವೆಗಾಗಿಯೇ ಮತ್ತೆ ಸ್ಪರ್ಧಿಸುತ್ತಿದ್ದೇನೆ, ಅಧಿಕಾರದ ಆಸೆಯಿಂದಲ್ಲ ಎಂದು ಹೇಳುವ ಅಭ್ಯರ್ಥಿಗಳು ಅನೇಕರು. ಸೇವೆಗೆ ಅಧಿಕಾರವೊಂದೇ ದಾರಿಯೆ ಎಂದು ಅವರನ್ನು ಕೇಳಬಹುದು.

ಹಾಗೆಂದು ಎಲ್ಲರೂ ಪ್ರೊಫ್ಯೂಮೊರಂತೆ ದೂರ ಸರಿಯಬೇಕೆಂಬ ವಿಧಿಯನ್ನು ಮಾಡಲಾಗದು. ಆತನ ಸುಳ್ಳು ಆತನ ಬಾಯಿಯಿಂದಲೇ ಒಪ್ಪಿತವಾಗಿತ್ತು. ಆರೋಪವಿನ್ನೂ ಆರೋಪವಾಗಿಯೇ ಇರುವವನ ಸ್ಥಿತಿ ಬೇರೆ. ಇದಕ್ಕೆ ಎರಡು ನಡೆಗಳು ಇತ್ತೀಚಿನ ಚರಿತ್ರೆಯಲ್ಲಿವೆ. 1996ರ ಜನವರಿಯಲ್ಲಿ ಜೈನ್ ಹವಾಲಾ ಪ್ರಕರಣದಲ್ಲಿ ಶ್ರೀ ಲಾಲಕೃಷ್ಣ ಅಡ್ವಾಣಿಯವರ ಹೆಸರು ಆರೋಪಪಟ್ಟಿಯಲ್ಲಿ ಬಂದಿತು. ಅವರು ಲೋಕಸಭೆಯ ಸದಸ್ಯತ್ವವನ್ನು ಬಿಟ್ಟು, ನಿರ್ದೋಷಿಯೆಂದು ತೀರ್ಮಾನವಾಗುವವರೆಗೆ ಆ ಸಭೆಗೆ ಮರಳುವುದಿಲ್ಲವೆಂದು ಪಣತೊಟ್ಟರು. ಆ ವರ್ಷದ ಚುನಾವಣೆಯಲ್ಲಿ ಸ್ಪರ್ಧಿಸಲಿಲ್ಲ. ಅವರ ಗಾಂಧಿನಗರ ಕ್ಷೇತ್ರದಲ್ಲಿ ವಾಜಪೇಯಿಯವರು ನಿಂತರು. ದೊರೆತ ದಿನಚರಿಯ ಬರಹಗಳು ಆರೋಪಕ್ಕೆ ಆಧಾರವಾಗಲಾರವೆಂದು 1997ರ ಏಪ್ರಿಲಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. 1998ರಲ್ಲಿ ಗಾಂಧಿನಗರದಿಂದಲೇ ನಿಂತು ಗೆದ್ದರು. ಉತ್ತರವು ನ್ಯಾಯಾಲಯದಲ್ಲಿ ಮೊದಲು, ಮತವು ಅನಂತರ.

ಎರಡನೆಯ ನಡೆ ಕರ್ನಾಟಕದ್ದು. ಅಕ್ರಮ ಗಣಿಗಾರಿಕೆಯನ್ನು ಕುರಿತ ಲೋಕಾಯುಕ್ತರ ವರದಿಯು 2011ರ ಜುಲೈಯಲ್ಲಿ ಹೊರಬಂದಾಗ ಮುಖ್ಯಮಂತ್ರಿ ಶ್ರೀ ಬಿ. ಎಸ್. ಯಡಿಯೂರಪ್ಪನವರು ಆ ತಿಂಗಳ ಕೊನೆಯ ದಿನ ರಾಜೀನಾಮೆಯಿತ್ತರು. ವಿಚಾರಣೆ ಮುಗಿಯುವ ಮೊದಲೇ, 2013ರಲ್ಲಿ, ಹೊಸ ಪಕ್ಷವನ್ನು ಕಟ್ಟಿ ಶಿಕಾರಿಪುರದಿಂದ ಸ್ಪರ್ಧಿಸಿ ಗೆದ್ದರು; 2014ರಲ್ಲಿ ಶಿವಮೊಗ್ಗೆಯಿಂದ ಲೋಕಸಭೆಗೆ ಹೋದರು. 2016ರ ಅಕ್ಟೋಬರಿನಲ್ಲಿ ವಿಶೇಷ ನ್ಯಾಯಾಲಯವು ಅವರನ್ನು ಆ ಪ್ರಕರಣದಲ್ಲಿ ನಿರ್ದೋಷಿಯೆಂದು ಬಿಡುಗಡೆ ಮಾಡಿತು. 2019ರಲ್ಲಿ ಅವರು ಪುನಃ ಮುಖ್ಯಮಂತ್ರಿಗಳಾದರು. ಇಲ್ಲಿ ಮತವು ಮೊದಲು, ತೀರ್ಪು ಅನಂತರ. ನೋಡಬೇಕಾದುದೇನೆಂದರೆ, 2016ರ ತೀರ್ಪು 2013ರ ಮತಗಳನ್ನು ಎಣಿಸಿ ಬರೆದುದಲ್ಲ. ಶಿಕಾರಿಪುರದಲ್ಲಿ ಅವರು ಸೋತಿದ್ದರೂ ಆ ತೀರ್ಪು ಬದಲಾಗಬೇಕಾಗಿರಲಿಲ್ಲ. ಎರಡೂ ಪ್ರಸಂಗಗಳಲ್ಲಿ ಅಪವಾದಕ್ಕೆ ಉತ್ತರ ದೊರೆತ ಬಾಗಿಲು ಒಂದೇ. ಅದು ಮತಗಟ್ಟೆಯ ಬಾಗಿಲಲ್ಲ. ಅಭಿಮಾನಿಗಳು ಈ ಸೂಕ್ಷ್ಮವನ್ನು ಗಮನಿಸುವುದಿಲ್ಲ. ತಮ್ಮ ಊರಿನವನು, ತಮ್ಮ ಕುಲದವನು, ತಮ್ಮ ಮಠಕ್ಕೆ ನಡೆದುಕೊಳ್ಳುವವನು ಎಂಬ ಮಮಕಾರವು ತಕ್ಕಡಿಯ ಮೇಲೆ ಬೆರಳಿಟ್ಟಂತೆ. ಬೆರಳು ಯಾವ ತಟ್ಟೆಯ ಮೇಲಿದ್ದರೂ ತೂಕ ಕೆಟ್ಟುದೇ.

ಇನ್ನೊಂದು ಪೂರ್ವಪಕ್ಷವು ಮೊದಲಿನದಕ್ಕಿಂತ ಬಲವಾದುದು. ನ್ಯಾಯಾಲಯಗಳಲ್ಲಿ ಮೊಕದ್ದಮೆಗಳು ಹತ್ತು, ಇಪ್ಪತ್ತು ವರ್ಷ ನಡೆಯುವುವು. ಅಡ್ವಾಣಿಯವರಿಗೆ ಒಂದೂಕಾಲು ವರ್ಷದಲ್ಲಿ ಬಿಡುಗಡೆ ದೊರೆಯಿತು. ಎಲ್ಲರಿಗೂ ಆ ಭಾಗ್ಯವಿಲ್ಲ. ಕಾಯುತ್ತ ಕುಳಿತರೆ ಆಯುಷ್ಯವೇ ಸವೆದುಹೋದೀತು. ಸುಳ್ಳು ಆರೋಪವೊಂದನ್ನು ಹೊರಿಸಿ, ವಿಚಾರಣೆಯನ್ನು ಎಳೆದಾಡಿ, ಯೋಗ್ಯನೊಬ್ಬನನ್ನು ರಾಜಕೀಯದಿಂದಲೇ ದೂರವಿಡುವುದು ಎದುರಾಳಿಗಳಿಗೆ ಸುಲಭವಾಗದೆ? ಈ ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನವಿಲ್ಲವೆಂದೇ ಹೇಳಬೇಕು. ವಿಳಂಬವು ರಾಜ್ಯದ ದೋಷ. ಅದರ ಭಾರವನ್ನೆಲ್ಲ ಒಬ್ಬನ ತಲೆಯ ಮೇಲೆ ಹೇರುವುದು ನ್ಯಾಯವಲ್ಲ. ಆದಕಾರಣ ತೀರ್ಪು ಬರುವ ಮೊದಲು ಸ್ಪರ್ಧಿಸಿದವನನ್ನೆಲ್ಲ ಆಚಾರಭ್ರಷ್ಟನೆನ್ನಲಾಗದು. ಆದರೆ ಅವನು ಹೇಗೆ ಸ್ಪರ್ಧಿಸುವನೆಂಬುದನ್ನು ನೋಡಬೇಕು.

ಇದಕ್ಕೆ ಬಸವಪುರಾಣದ ಪ್ರಸಂಗವೊಂದು ದಾರಿ ತೋರಿಸುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರಕ್ಕೆ ಅಧಿಕಾರಿಗಳಾಗಿದ್ದಾಗ, ರಾಜನ ಹಣವನ್ನು ಜಂಗಮರಿಗೆ ಸೂರೆಗೊಡುತ್ತಿದ್ದಾರೆಂದು ಅಸೂಯಾಪರರು ಚಾಡಿ ಹೇಳಿದರು. ಬಸವಣ್ಣನವರಾದರೋ ಭಂಡಾರವನ್ನು ತೆರೆಸಿ ಎಣಿಸಿಕೊಳ್ಳುವಂತೆ ರಾಜನಿಗೇ ಬ್ಬಿಟ್ಟುಕೊಟ್ಟರು; ಎಣಿಸಿದಾಗ ಲೆಕ್ಕವು ಸರಿಹೊಂದಿತು. ಪುರಾಣಕಾರರು ಇದನ್ನು ಪವಾಡವೆಂದು ವರ್ಣಿಸುವರು. ಪವಾಡದ ಮಾತನ್ನು ಬದಿಗಿರಿಸಿ ನಡೆಯ ಕ್ರಮವನ್ನಷ್ಟೆ ನೋಡಿದರೂ ಸಾಕು. ಬಸವಣ್ಣನವರ ಹಿಂದೆ ಕಲ್ಯಾಣದಲ್ಲಿ ಅಪಾರವಾದ ಶರಣಸಮೂಹವಿತ್ತು. ಇಷ್ಟು ಜನ ನನ್ನನ್ನು ನಂಬಿದ್ದಾರೆ, ಲೆಕ್ಕವೇಕೆಂದು ಅವರು ಕೇಳಬಹುದಿತ್ತು. ಕೇಳಲಿಲ್ಲ. ಜನರ ಪ್ರೀತಿಯನ್ನು ಲೆಕ್ಕಕ್ಕೆ ಬದಲಾಗಿ ಒಡ್ಡಲಿಲ್ಲ. ಎಣಿಸುವ ಕೈಯೂ ಅವರದಾಗಿರಲಿಲ್ಲ, ರಾಜನ ಕಡೆಯದಾಗಿತ್ತು.

ಈ ಕಡೆಯ ಅಂಶದಲ್ಲಿಯೇ ವಿಷಯದ ಮರ್ಮವಿದೆ. ಶಾಸನಸಭೆಯ ಸದಸ್ಯತ್ವ ಬೇರೆ, ಮಂತ್ರಿಪದವಿ ಬೇರೆ. ಸದಸ್ಯನಾದವನು ಕ್ಷೇತ್ರದ ಪರವಾಗಿ ಮಾತನಾಡುವನು. ತನ್ನ ಮೇಲಿನ ವಿಚಾರಣೆಯನ್ನು ತಡೆಯುವ ಶಕ್ತಿ ಆ ಸ್ಥಾನಕ್ಕೆ ಸಹಜವಾಗಿ ಬರುವುದಿಲ್ಲ. ಮಂತ್ರಿಯಾದವನ ಕೈಕೆಳಗೆ ಪೊಲೀಸರಿರುವರು, ಸರ್ಕಾರಿ ವಕೀಲರಿರುವರು, ಕಡತಗಳಿರುವುವು. ತನ್ನ ಲೆಕ್ಕವನ್ನು ತಾನೇ ಎಣಿಸಿಕೊಳ್ಳುವ ಸ್ಥಿತಿ ಅದು. ಆದ್ದರಿಂದ ಅಪವಾದವು ತೀರುವ ಮೊದಲು ಒಬ್ಬನು ಸ್ಪರ್ಧಿಸುವುದಾದರೆ, ತನ್ನನ್ನು ವಿಚಾರಿಸುವವರ ಮೇಲೆ ಅಧಿಕಾರವಿರುವ ಯಾವ ಪದವಿಯನ್ನೂ ತೀರ್ಪಿನವರೆಗೆ ಮುಟ್ಟುವುದಿಲ್ಲವೆಂದು ಮತ ಬೇಡುವಾಗಲೇ ಬಹಿರಂಗವಾಗಿ ಹೇಳುವುದು ಭೃತ್ಯಾಚಾರಕ್ಕೆ ಒಪ್ಪುವ ನಡೆ. ಹಾಗೆ ಹೇಳಿ ನಿಂತವನನ್ನು ಮತದಾರನು ನಿಶ್ಚಿಂತೆಯಿಂದ ಆಯಬಹುದು, ಬಿಡಬಹುದು. ಕೃಷ್ಣಮಾಚಾರಿಯವರು ಹಣಕಾಸಿನ ಖಾತೆಗೇ ಮರಳಿದುದನ್ನು ಇದರಿಂದ ತೂಗಿ ನೋಡಬೇಕು. ಅವರ ವಿಚಾರಣೆ ಮುಗಿದಿದ್ದರಿಂದ ಮರಳುವಿಕೆಯನ್ನು ಅನ್ಯಾಯವೆನ್ನಲಾಗದು. ಆದರೂ ಎರಡನೆಯ ಸಲ ಅವರ ಮೇಲೆ ಬೇರೆ ಆರೋಪಗಳು ಬಂದಾಗ, ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಗಳು ಅವನ್ನು ಮುಖ್ಯ ನ್ಯಾಯಮೂರ್ತಿಗಳ ಪರಿಶೀಲನೆಗೆ ಒಪ್ಪಿಸಬಯಸಿದರು. ಕೃಷ್ಣಮಾಚಾರಿಯವರು ಅದಕ್ಕೆ ಸಮ್ಮತಿಸದೆ 1965ರ ಡಿಸೆಂಬರ್ 31ರಂದು ಮತ್ತೆ ರಾಜೀನಾಮೆಯಿತ್ತರು. ಮೊದಲನೆಯದು ಲೆಕ್ಕವಾದ ಮೇಲಿನ ರಾಜೀನಾಮೆ, ಎರಡನೆಯದು ಲೆಕ್ಕಕ್ಕೆ ಮೊದಲಿನದು. ಮುದ್ಗಲರ ಪ್ರಸಂಗದಲ್ಲಿ ತೀರ್ಪುಗಾರರಾಗಿದ್ದ ಅವರಿಗೆ ಈ ಭೇದವು ತಿಳಿಯದುದಾಗಿರಲಿಲ್ಲ. ಆಮೇಲೆ ಅವರು ಮಂತ್ರಿಪದವಿಗೆ ಮರಳಲಿಲ್ಲ.

ಮತದಾರನ ಮೊರದ ಮೇಲಿನ ಬಟ್ಟೆಯನ್ನು ಸರಿಸುವ ಪ್ರಯತ್ನವನ್ನು ಸರ್ವೋಚ್ಚ ನ್ಯಾಯಾಲಯವು ಎರಡು ದಶಕಗಳಿಂದ ಮಾಡುತ್ತ ಬಂದಿದೆ. 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಮೇಲಿರುವ ಮೊಕದ್ದಮೆಗಳನ್ನೂ ಆಸ್ತಿಪಾಸ್ತಿಗಳನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. 2018ರ ತೀರ್ಪಿನಂತೆ ಆ ಮೊಕದ್ದಮೆಗಳನ್ನು ಪತ್ರಿಕೆಗಳಲ್ಲಿಯೂ ಪ್ರಕಟಿಸಬೇಕು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಮೊಕದ್ದಮೆಯಿರುವವನನ್ನೇ ಏಕೆ ಆರಿಸಿದಿರೆಂಬುದಕ್ಕೆ ಪಕ್ಷಗಳು ಕಾರಣ ಕೊಡಬೇಕೆಂದೂ, ಗೆಲ್ಲುವ ಶಕ್ತಿಯೊಂದೇ ಆ ಕಾರಣವಾಗಲಾರದೆಂದೂ ವಿಧಿಸಿತು. ಆ ಪ್ರಮಾಣಪತ್ರಗಳು ಚುನಾವಣಾಧಿಕಾರಿಯ ಕಚೇರಿಯ ಫಲಕದ ಮೇಲೆ ಅಂಟಿಸಲ್ಪಡುತ್ತವೆ, ಚುನಾವಣಾ ಆಯೋಗದ ಜಾಲತಾಣದಲ್ಲಿಯೂ ದೊರೆಯುತ್ತವೆ, ಓದುವವರು ವಿರಳ. ಮೊಕದ್ದಮೆಯ ಸಂಖ್ಯೆ, ನ್ಯಾಯಾಲಯದ ಹೆಸರು, ಕಲಮುಗಳು ಎಲ್ಲವಕ್ಕೂ ಅದರಲ್ಲಿ ಅಂಕಣಗಳುಂಟು. ಅಪವಾದದ ನಡುವೆ ಪದವಿಯನ್ನು ಬಿಟ್ಟೆನೆ, ಬಿಟ್ಟ ಮೇಲೆ ಅದಕ್ಕೆ ಎಲ್ಲಿ, ಯಾರ ಮುಂದೆ ಉತ್ತರ ಕೊಟ್ಟೆನು ಎಂಬುದಕ್ಕೆ ಮಾತ್ರ ಅಂಕಣವಿಲ್ಲ. ಅದನ್ನು ಮನೆಬಾಗಿಲಿಗೆ ಬಂದವನನ್ನೇ ಕೇಳಿ ತಿಳಿಯಬೇಕು.